ದೊಡ್ಡಪ್ಪನ ಬೆಸುಗೆ, ನನ್ನ ಲಿಂಕು

'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಅನ್ನುವ ಗಾದೆಯನ್ನು ನಮ್ಮ ದೊಡ್ಡಪ್ಪ ಕಾಳಪ್ಪನ ಮುಂದೆ ಯಾರಾದರೂ ಆಡಿದರೆ ಮುಗೀತು, ತಾಳಿ ಮಾಡಿಸಲು ಬಂದವರನ್ನೂ ಎಬ್ಬಿಸಿ ಕಳಿಸುತ್ತಿದ್ದ. ನಾಗಮಂಗಲದಲ್ಲಿ ಐವತ್ತು ವರ್ಷ ಚಿನ್ನ ಕಾಯಿಸುವ ಕುಂಪಟೆಯ ಕೆಂಡದ ಮುಂದೆ ಕೂತ ಮನುಷ್ಯ. ಅವನು ಮಾಡಿದ ತಾಳಿಯಲ್ಲಿ ಬೆಸುಗೆ ಎಲ್ಲಿದೆ ಎಂದು ಭೂತಗನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ. ಆ ಬೆಸುಗೆಗೆ ಏನೇನು, ಎಷ್ಟೆಷ್ಟು ಸೇರಿಸಬೇಕು ಎಂಬುದು ನಮ್ಮ ಮನೆತನದ ಗುಟ್ಟು. ಅದನ್ನು ಬರೆಯುವ ಹಾಗಿಲ್ಲ. ಸಾಯುವ ಮುಂಚೆ ಒಬ್ಬರ ಕಿವಿಯಲ್ಲಿ ಒಂದೇ ಸಲ ಹೇಳಬೇಕು.

ಅವನಿಗಿದ್ದವಳು ಒಬ್ಬಳೇ ಮಗಳು, ಯಶಸ್ವಿನಿ. ತಾಯಿಯಿಲ್ಲದ ಕೂಸು ಅಪ್ಪನ ಪಕ್ಕದಲ್ಲೇ ಕೂತು, ಊದುಕೊಳವೆ ಊದುತ್ತಾ ಬೆಳೆಯಿತು. ಮೈನೆರೆದ ವಾರದಲ್ಲೇ ಅವಳನ್ನು ಎಬ್ಬಿಸಿಬಿಟ್ಟ. "ಎಣ್ಣೈಕ್ಳು ಕುಂಪಟೆ ಮುಂದೆ ಕೂರ್ಬಾರ್ದು, ಏಳವ್ವ." ಅವಳು ಹದಿನೈದು ವರ್ಷ ಬೇಡಿದಳು, ಜಗಳವಾಡಿದಳು, ಕದ್ದುಮುಚ್ಚಿ ಬೆಳ್ಳಿ ಕೆಲಸ ಕಲಿತಳು. ಅವನು ಮತ್ತೆ ಪಕ್ಕ ಕೂರಿಸಿಕೊಳ್ಳಲಿಲ್ಲ. ಹಾಳು ಹಠ!

ನಾನು ರಘುನಂದನ್, ಅವನ ತಮ್ಮನ ಮಗ. ಕಸುಬು ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವನು. ಜನ ಆಧಾರ್, ಪಹಣಿ, ಆಸ್ಪತ್ರೆ ರಿಪೋರ್ಟನ್ನೆಲ್ಲ ಊರ ವಾಟ್ಸಾಪ್ ಗ್ರೂಪಿಗೆ ಎಸೆಯುವುದನ್ನು ನೋಡಿ ಮೈ ಉರಿದು, ಅಂಗಡಿಯ ಹಳೇ ಕಂಪ್ಯೂಟರಿನಲ್ಲೇ ಒಂದು ವ್ಯವಸ್ಥೆ ಮಾಡಿದೆ. ಕಾಗದವೋ ಧ್ವನಿಯೋ ಅದಕ್ಕೆ ಹಾಕಿದರೆ ಒಂದು ಲಿಂಕು ಬರುತ್ತದೆ. ಅದನ್ನು ಒಂದೇ ಸಲ ತೆರೆಯಬಹುದು, ಆಮೇಲೆ ಒಳಗಿದ್ದದ್ದು ಅಳಿಸಿಹೋಗುತ್ತದೆ. ಹೊರಗಿನ ಯಾವ ಕಂಪನಿಯ ಕೈಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಎಂಥ ಜಂಭ ಇತ್ತು ನನಗೆ!

ಹೋದ ವರ್ಷ ದೊಡ್ಡಪ್ಪನ ಶ್ವಾಸಕೋಶ ಕೈಕೊಟ್ಟಿತು. ಹಾಸಿಗೆ ಹಿಡಿದ ಮೇಲೆ ಹಠ ಕರಗಿತು. "ಬೆಸುಗೇನ ಯಶೂಗೇ ಏಳ್ತೀನಿ ಕಣ್ಲಾ" ಅಂದ. ಆದರೆ ಅವಳು ಸಂತೆಬಾಚಹಳ್ಳಿಯ ಗಂಡನ ಮನೆಯಲ್ಲಿ ಹನ್ನೆರಡು ದಿನದ ಬಾಣಂತಿ, ಕಾಯಿಲೆ ಮನೆಗೆ ಕಳಿಸುವುದಿಲ್ಲ. ಫೋನಿನಲ್ಲಿ ಕೂಗಿ ಹೇಳಲು ಇವನಿಗೆ ಉಸಿರಿಲ್ಲ. ಅವಳ ಮಾವನೂ ಅಕ್ಕಸಾಲಿಯೇ, ಕಿವಿಗೆ ಬಿದ್ದರೆ ಗುಟ್ಟು ಬೀಗರ ಪಾಲು.

"ನಿನ್ ಲಿಂಕು ಒಂದೇ ಸಲ ತಾನೇ ತೆರ್ಕಳದು?" ಎಂದು ಕೇಳಿದ.

"ಊಂ ದೊಡ್ಡಪ್ಪ, ಒಂದೇ ಸಲ."

"ಅಂಗಾದ್ರೆ ಕಿವೀಲಿ ಏಳ್ದಂಗೇ ಆಯ್ತು. ಫೋನ್ ಮಡಗ್ಬುಟ್ಟು ಆಚೆ ಓಗ್ಲಾ. ಕುಂಪಟೆ ಬುಟ್ಟೋನ್ಗೆ ಬೆಸುಗೆ ಯಾಕೆ?"

ನಾನು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟು, ಬಾಗಿಲೆಳೆದುಕೊಂಡು ಜಗಲಿಯಲ್ಲಿ ಕೂತೆ. ಒಳಗಿಂದ ಬರೀ ಕೆಮ್ಮು ಕೇಳಿಸುತ್ತಿತ್ತು. ಆಮೇಲೆ ಅವನ ಧ್ವನಿಯನ್ನು ಲಿಂಕು ಮಾಡಿ ಯಶಸ್ವಿನಿಗೆ ಕಳಿಸಿ, ನನ್ನ ಫೋನಿನಲ್ಲಿದ್ದುದನ್ನು ಅವನೆದುರೇ ಅಳಿಸಿದೆ. ಲಿಂಕಿಗೊಂದು ಪಾಸ್‌ವರ್ಡ್ ಇಡಬಹುದಿತ್ತು. ಅವಳ ಫೋನಿಗೇ ಹೋಗುತ್ತದಲ್ಲ ಎಂದು ಇಡಲಿಲ್ಲ. ಅರ್ಧ ಗಂಟೆಗೆ 'ತೆರೆಯಲಾಗಿದೆ' ಎಂದು ಬಂತು.

"ಕೇಳವ್ಳೆ ದೊಡ್ಡಪ್ಪ!" ಅಂದೆ.

ಅವನ ಮುಖ ಅರಳಿತು. "ಸಾಕು ಬುಡ್ಲಾ" ಅಂದ. ಮಾರನೆ ಬೆಳಿಗ್ಗೆ ಹೋಗಿಬಿಟ್ಟ.

ತಿಥಿ ಮುಗಿಸಿಕೊಂಡು ಸಂತೆಬಾಚಹಳ್ಳಿಗೆ ಹೋದೆ. ಅಪ್ಪನ ಮುಖವನ್ನೂ ನೋಡಲಾಗದ ಯಶಸ್ವಿನಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಸಮಾಧಾನಕ್ಕೆಂದು, "ಓಗ್ಲಿ ಬುಡವ್ವ, ಬೆಸುಗೆ ನಿಂಗೇ ಕೊಟ್ಬುಟ್ಟು ಓದ" ಅಂದೆ.

"ಯಾವ ಬೆಸುಗೆ ಅಣ್ಣ?"

ಬಾಣಂತಿ ಮೊಬೈಲು ನೋಡಿದರೆ ಕಣ್ಣು ಹೋಗುತ್ತವೆ ಎಂದು ಅವಳ ಅತ್ತೆ ಸುಬ್ಬಮ್ಮ ಹೆರಿಗೆಯಾದ ದಿನವೇ ಫೋನನ್ನು ತೆಗೆದು ದೇವರ ಗೂಡಿನಲ್ಲಿ ಇಟ್ಟಿದ್ದರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ. ನನ್ನ ಹೆಂಡತಿಯ ಬಾಣಂತನದಲ್ಲಿ ನನ್ನವ್ವನೂ ಹೀಗೇ ಮಾಡಿದ್ದಳು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ, ಮಣ್ಣು ತಿನ್ನೋ ತಲೆ!

ಫೋನು ತಂದು ಲಿಂಕು ಒತ್ತಿದೆವು. 'ಇದನ್ನು ಈಗಾಗಲೇ ತೆರೆಯಲಾಗಿದೆ' ಎಂದು ಬಂತು. ಆ ವಾಕ್ಯವನ್ನು ಬರೆದಿಟ್ಟವನು ನಾನೇ.

"ಅಣ್ಣ, ನಿನ್ ಕಂಪ್ಯೂಟರ್‌ನಲ್ಲಿ ಒಸಿ ಉಡುಕಿ ನೋಡಣ್ಣ" ಅಂದಳು. ಇಲ್ಲ ಕಣವ್ವ ಎಂದು ತಲೆ ಅಲ್ಲಾಡಿಸಿದೆ.

ಸುಬ್ಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಗೂಡ್ನಲ್ಲಿ ಫೋನು ಟಿಣ್ ಅಂತು ಕಣಪ್ಪ. ಏನೋ ಅವಸರ ಇರ್ಬೇಕು ಅಂತ ನಾನೇ ಒತ್ದೆ. ಬೀಗರು ಒಂದೇ ಸಮ ಕೆಮ್ತಿದ್ರು. ಅಸಿ ಬಾಣಂತಿಗೆ ಈ ಸಂಕ್ಟ ಯಾಕೆ ಅಂತ ಬಂದ್ ಮಾಡ್ಬುಟ್ಟೆ. ಸಮಾಧಾನ ಆದ್ಮೇಲೆ ಕೇಳ್ಸದ್ರಾಯ್ತು ಅನ್ಕಂಡೆ."

"ಏನಂದ್ರು ಅತ್ತೆ ನಮ್ಮಪ್ಪ?"

"ಎಚ್ಗೆ ಕೇಳ್ನಿಲ್ಲ ಕಣವ್ವ. 'ಯಶೂ, ಬಾರವ್ವ, ನನ್ ಪಕ್ದಲ್ಲಿ ಕೂತ್ಕ' ಅಂದ್ರು. ಅಷ್ಟೇಯ."

ಯಶಸ್ವಿನಿ ಮಗುವನ್ನು ನನ್ನ ಕೈಗೆ ಕೊಟ್ಟು, ಸರಿದು ಅತ್ತೆಯ ಪಕ್ಕ ಕೂತಳು.

"ಅಪ್ಪ ಅಂದಿದ್ನ ಇನ್ನೊಂದ್ಸಲ ಏಳಿ ಅತ್ತೆ."