ಬಲಗಡೆಯ ಹೂವು

ಶಿಕಾರಿಪುರದ ಗೊಬ್ಬರದಂಗಡಿ ಚಂದ್ರಶೇಖರಪ್ಪ ದೇವರನ್ನು ಕೇಳದೆ ಎತ್ತು ಕೊಂಡವನಲ್ಲ, ಬಾವಿ ತೋಡಿಸಿದವನಲ್ಲ, ಹೆಣ್ಣು ನೋಡಲು ಹೋದವನೂ ಅಲ್ಲ. ಅವನ ಮನೆದೇವರು ಸೊರಬದ ಹತ್ತಿರ ಹೊಸಬಾಳೆಯ ವೀರಭದ್ರ. ಪೂಜಾರಿ ಉಜ್ಜಪ್ಪ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾನೆ. ಕೈಮುಗಿದು ಕೇಳಬೇಕು. ಬಲಗಡೆಯ ಹೂವು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ, ಅದು ದೇವರನ್ನೇ ಅನುಮಾನಿಸಿದಂತೆ.

ಅವನ ಓದು ನಿಂತದ್ದೂ ಇಲ್ಲೇ. ಪಿಯುಸಿ ಆದಮೇಲೆ ಕಾಲೇಜಿಗೆ ಹೋಗುವ ಆಸೆಯಿತ್ತು. ಅಪ್ಪ ಕರೆತಂದು ಕೇಳಿದ, ಎಡಗಡೆ ಬಿತ್ತು, ಮರುದಿನ ಹುಡುಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಕಾಲೇಜಿನ ಅರ್ಜಿಯನ್ನು ಮಡಚಿ ಅದರ ತಳಕ್ಕೆ ಹಾಕಿದ. ಆಮೇಲೆ ವ್ಯಾಪಾರ ಚೆನ್ನಾಗಿಯೇ ನಡೆಯಿತು, ದೇವರು ಹೇಳಿದ್ದು ಸರಿ ಎಂದು ಊರೆಲ್ಲ ಅಂದಿತು. ಅವನೂ ಅಂದುಕೊಂಡ.

ಈಗ, ೧೯೯೬ರ ಒಂದು ಮಧ್ಯಾಹ್ನ, ಹೆಂಡತಿ ನೀಲಾಂಬಿಕೆ ಮತ್ತು ಮಗಳು ಗಂಗಾಶ್ರೀಯ ಜೊತೆ ಅದೇ ಗರ್ಭಗುಡಿಯ ಮುಂದೆ ನಿಂತಿದ್ದ. ಮರುದಿನ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್. ಸಂಜೆಯ ಬಸ್ಸು ಹಿಡಿಯಲೇಬೇಕು. ಮಗಳ ರ‍್ಯಾಂಕಿಗೆ ದಾವಣಗೆರೆಯಲ್ಲಾದರೆ ಕಂಪ್ಯೂಟರ್ ಸಿಗಬಹುದು. ಉಳಿಯಲು ಅವನ ತಂಗಿ ಲೋಕಮ್ಮನ ಮನೆಯಿದೆ. ಮೈಸೂರಿನಲ್ಲಾದರೆ ಸಿವಿಲ್ ಒಂದೇ ಗತಿ. ಆದರೆ ಅಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ, ಚೆನ್ನಾಗಿ ಅಂಕ ತೆಗೆದವರು ಬ್ರಾಂಚು ಬದಲಿಸಿಕೊಳ್ಳಬಹುದು.

ಮಗಳದ್ದು ವಾರದಿಂದ ಒಂದೇ ಮಾತು: "ನಂಗೆ ಯಾವ ಬ್ರಾಂಚು ಬೇಕು ಅಂತಾನೇ ಗೊತ್ತಿಲ್ಲ ಅಪ್ಪಾಜಿ."

"ಊರೆಲ್ಲ ಕಂಪ್ಯೂಟರ್ ಅಂತೈತಿ, ನಿಂಗೊಬ್ಬಳಿಗೆ ಗೊತ್ತಿಲ್ಲ!" ಎಂದು ಅವನು ರೇಗಿದ್ದ. ಕಂಪ್ಯೂಟರ್ ಹೇಗಿರುತ್ತದೆಂದು ಅವನೂ ನೋಡಿರಲಿಲ್ಲ ಬಿಡಿ.

"ನಿಮ್ ತಂಗಿ ಮನ್ಯಾಗೆ ರೊಟ್ಟಿ ತಟ್ಟಾಕೆ ಮಗಳನ್ನ ಕಳಿಸಲ್ಲ" ಎಂದು ನೀಲಾಂಬಿಕೆ ಮೈಸೂರಿನ ಕಡೆ ವಾಲಿದ್ದಳು.

ಉಜ್ಜಪ್ಪ ಹೂವಿಟ್ಟು ಗಂಟೆ ಬಾರಿಸಿದ. ಚಂದ್ರಶೇಖರಪ್ಪ ಕಣ್ಣು ಮುಚ್ಚಿ ಗಟ್ಟಿಯಾಗಿ ಕೇಳಿದ: "ಅಪ್ಪಾ ವೀರಭದ್ರ, ದಾವಣಗೆರೆನೋ ಮೈಸೂರೋ, ನೀನೇ ಹೇಳು."

ಹೂವು ಅಲ್ಲಾಡಲಿಲ್ಲ. ಹೊರಗೆ ಎಲ್ಲೋ ಬಸ್ಸಿನ ಹಾರ್ನು ಕೇಳಿ ಅವನು ಅರೆಗಣ್ಣು ತೆರೆದು ಹೂವು ನೋಡಿದ. ಬೆವರು ಕುತ್ತಿಗೆಗೆ ಇಳಿಯಿತು. ಕೊನೆಗೆ ಬಲಗಡೆಯ ಹೂವು ಜಾರಿ ಪೀಠದ ಮೇಲೆ ಬಿತ್ತು.

"ಆತು ನೋಡ್ರಿ, ಬಲಕ್ಕಾತು!" ಎಂದ ಉಜ್ಜಪ್ಪ, ಹೂವೆತ್ತಿ ಕೊಡಲು ಬಂದವನು ಅಲ್ಲೇ ನಿಂತ. "ಚಂದ್ರಶೇಖರಪ್ಪೋರೆ, ಬಲ ಅಂದ್ರೆ ಯಾವ ಊರು?"

ಚಂದ್ರಶೇಖರಪ್ಪ ಹಣೆ ಚಚ್ಚಿಕೊಂಡ. ಇಷ್ಟು ವರ್ಷ ಕೇಳಿದವನಿಗೆ, ಒಂದೇ ಊರಿನ ಹೆಸರು ಹೇಳಿ ಕೇಳಬೇಕೆಂಬುದು ಇವತ್ತೇ ಮರೆತುಹೋಗಿತ್ತು.

"ಮೈಸೂರೇ" ಎಂದಳು ನೀಲಾಂಬಿಕೆ.

"ನೀವು ಸುಮ್ನಿರಿ ಅಮ್ಮಾರೆ. ಕೇಳಿದೋರ ಮನಸ್ನಾಗೆ ಏನಿತ್ತೋ ಅದೇ ಅಪ್ಪಣೆ. ಇನ್ನೊಂದ್ಸಲ ಕೇಳಂಗಿಲ್ಲ."

ಅವನ ಮನಸ್ಸಿನಲ್ಲಿ ಇದ್ದದ್ದು ದಾವಣಗೆರೆ. ಬಲಕ್ಕೆ ದಾವಣಗೆರೆ, ಎಡಕ್ಕೆ ಮೈಸೂರು. ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೇಳಲು ಬಾಯಿ ತೆರೆದವನು ಮಗಳತ್ತ ನೋಡಿದ. ಅವಳು ಕಂಬಕ್ಕೆ ಒರಗಿ ಗರ್ಭಗುಡಿಯನ್ನೇ ದಿಟ್ಟಿಸುತ್ತಿದ್ದಳು, ಮುಖ ಬಿಳಿಚಿಕೊಂಡಿತ್ತು.

"ನೀ ಏನು ಬೇಡ್ಕೊಂಡೆ ಅವ್ವಾ?" ಎಂದು ಮಗಳನ್ನು ಕೇಳಿದ.

"ಹೂವು ಬೀಳೋದೇ ಬ್ಯಾಡ ಅಂತ" ಎಂದಳು ಅವಳು. "ಇನ್ನೊಂದು ವರ್ಷ ಟೈಮ್ ಕೊಡು ಅಂತ."

ತಾನೂ ಇದೇ ಕಂಬಕ್ಕೆ ಒರಗಿ ನಿಂತಿದ್ದೆನೆಂದು ಅವನಿಗೆ ನೆನಪಾಯಿತು. ಆಗ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದನೋ ಅದೂ ಗೊತ್ತಿಲ್ಲ, ಆದರೆ ಕೇಳಬೇಕಿತ್ತು. ಆ ನೋವು ಹಾಗೇ ಇತ್ತು, ಇಷ್ಟು ವರ್ಷದ ವ್ಯಾಪಾರದಲ್ಲಿ ಕರಗಿರಲಿಲ್ಲ.

"ಹೇಳ್ರಿ" ಎಂದ ಉಜ್ಜಪ್ಪ. "ಬಸ್ಸಿನ ಹೊತ್ತಾತು."

ದೇವರು ನೋಡುತ್ತಿದ್ದ. ಚಂದ್ರಶೇಖರಪ್ಪ ನೋಟವನ್ನು ನೆಲಕ್ಕಿಳಿಸಿದ.

"ಬಲಕ್ಕೆ ಮೈಸೂರು ಇಟ್ಕೊಂಡಿದ್ದೆ" ಎಂದ.

ಉಜ್ಜಪ್ಪ ಹೂವನ್ನು ಗಂಗಾಶ್ರೀಯ ಅಂಗೈಗೆ ಹಾಕಿದ. ಅವಳು ಅಪ್ಪನ ಹತ್ತಿರ ಬಂದು, "ಒಂದು ವರ್ಷ ಆದ್ಮೇಲೆ ಬ್ರಾಂಚು ಯಾವ್ದು ತಗೊಳ್ಳಲಿ?" ಎಂದಳು.

"ಅದನ್ನ ದೇವ್ರಿಗೆ ಕೇಳಿಲ್ಲ. ನೋಡ್ಕೊಂಡು ನೀನೇ ಹೇಳು."

ತಾಯಿ ಮಗಳು ಚೀಲ ಎತ್ತಿಕೊಂಡು ರಸ್ತೆಯತ್ತ ಓಡಿದರು. ಅವನು ಮಾತ್ರ ಹೊಸ್ತಿಲಲ್ಲಿ ಹಿಂದೆ ಉಳಿದು, ವೀರಭದ್ರನ ಕಣ್ಣು ತಪ್ಪಿಸಿ, ಎರಡೂ ಕೆನ್ನೆಗೆ ಜೋರಾಗಿ ಬಡಿದುಕೊಂಡ.