ಅದು ಕೊಡೆಯ ಕಡ್ಡಿಯಲ್ಲ

ವಸುಧಾ, ಹನ್ನೆರಡು ವರ್ಷದ ಹಿಂದೆ ಠಾಣೆ ಸ್ಟೇಷನ್ನಿನಲ್ಲಿ ನಿನ್ನ ಎಡಗಣ್ಣಿಗೆ ಚುಚ್ಚಿದ್ದು ಸುರೇಖಾ ತಾಈಯ ಕೊಡೆಯ ಕಡ್ಡಿಯಲ್ಲ. ನಾನು ಸ್ವೆಟರ್ ಹೆಣೆಯುತ್ತಿದ್ದ ಕಡ್ಡಿ. ನನಗೆ ಅದು ಆ ಕ್ಷಣವೇ ಗೊತ್ತಿತ್ತು. ಆಮೇಲೆ ಹೊಳೆದದ್ದಲ್ಲ, ಅನುಮಾನವೂ ಅಲ್ಲ — ಗೊತ್ತಿತ್ತು. ಕಡ್ಡಿಯ ಇನ್ನೊಂದು ತುದಿ ಚೀಲದೊಳಗಿನಿಂದ ನನ್ನ ಎದೆಗೆ ಒತ್ತಿತ್ತು.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದೆ. ನಾಲ್ಕರಲ್ಲೂ ಮೊದಲು ಮಳೆಯ ವಿಷಯ ಬರೆದಿದ್ದೆ, ಟ್ರೇನಿನ ನೂಕುನುಗ್ಗಲಿನ, ಗರ್ದಿಯ ವಿಷಯ ಬರೆದಿದ್ದೆ. ಮಳೆ, ಗರ್ದಿ ದಿನಾ ಇದ್ದವು. ಆ ದಿನ ಹೊಸದಾಗಿ ಇದ್ದದ್ದು ನನ್ನ ಅಜಾಗ್ರತೆ, ಅದರ ಹಿಂದೆಯೇ ನನ್ನ ಸುಳ್ಳು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲ ಹೇಳುತ್ತೇನೆ. ಬಿಟ್ಟು ಬಿಟ್ಟು ಹೇಳಿದರೆ ನಡುವೆ ಎಲ್ಲಾದರೂ ಮತ್ತೆ ಅಡಗಿಕೊಂಡೇನು — ನನ್ನ ಬಗ್ಗೆ ನನಗೆ ಅಷ್ಟು ಗೊತ್ತು.

ನಾವು ಮೂವರೂ ಡೊಂಬಿವಲಿಯಿಂದ ಎಂಟು ಹನ್ನೆರಡರ ಲೋಕಲ್ ಹಿಡಿಯುತ್ತಿದ್ದೆವು. ಹೆಂಗಸರ ಡಬ್ಬಿಯಲ್ಲಿ ಯಾರೋ ಭಜನೆ ಹಾಡುತ್ತಿದ್ದರು, ಯಾರೋ ಅವರೆಕಾಯಿ ಸುಲಿಯುತ್ತಿದ್ದರು, ನಾನು ಹೆಣೆಯುತ್ತಿದ್ದೆ. ನೀನು ಮೈಸೂರಿನಿಂದ ಮದುವೆಯಾಗಿ ಬಂದು ಎರಡೋ ಮೂರೋ ವರ್ಷ. ಠಾಣೆಯ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಡಬ್ಬಿಯಲ್ಲಿ ಕನ್ನಡ ಕೇಳಿದ ಮೊದಲ ದಿನವೇ ನೀನು ನನ್ನನ್ನು ಗಿರಿಜಕ್ಕ ಎಂದೆ. ಸುರೇಖಾ ತಾಈ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ನಮಗಿಂತ ದೊಡ್ಡವರು, ಅದಕ್ಕೇ ತಾಈ, ಅಕ್ಕ; ನಮಗೆ ಸೀಟು ಹಿಡಿದಿಡುತ್ತಿದ್ದವರು.

ಆ ದಿನ ನನ್ನ ಕಡ್ಡಿಗಳ ಮೇಲಿದ್ದದ್ದು ನಿನ್ನ ಮಗಳ ಸ್ವೆಟರ್. ಹಳದಿ ಉಣ್ಣೆ. ಅವಳ ಮೊದಲ ಹುಟ್ಟುಹಬ್ಬಕ್ಕೆ ಬೇಕು ಎಂದು ನೀನೇ ಕೇಳಿದ್ದೆ. ಅಲ್ಯುಮಿನಿಯಂ ಕಡ್ಡಿಗಳ ಮೊನೆಗೆ ಸಣ್ಣ ಬೂಚು ಸಿಕ್ಕಿಸಿಯೇ ನಾನು ಚೀಲಕ್ಕೆ ಹಾಕುತ್ತಿದ್ದದ್ದು — ಎಷ್ಟೋ ವರ್ಷದ ರೂಢಿ. ಠಾಣೆಯ ಹಿಂದಿನ ಸ್ಟೇಷನ್ ಕಳವಾ ದಾಟಿದ ಮೇಲೂ ಒಂದು ಸಾಲು ಉಳಿದಿತ್ತು. ಮುಗಿಸಿಯೇ ಏಳೋಣ ಎಂದು ಕೂತೆ. ಠಾಣೆ ಬಂದೇ ಬಿಟ್ಟಿತು. ಎಲ್ಲವನ್ನೂ ಚೀಲಕ್ಕೆ ತುರುಕಿ, ಚೀಲವನ್ನು ಎದೆಗವಚಿ ಎದ್ದೆ. ಬೂಚುಗಳು ನನ್ನ ಮುಷ್ಟಿಯಲ್ಲೇ ಇದ್ದವು, ಮೊನೆಗಳು ಚೀಲದ ಬಾಯಿಂದ ಹೊರಗೆ.

ಬಾಗಿಲಲ್ಲಿ ನೀನು ನನ್ನ ಮುಂದೆ, ನಿನ್ನ ಪಕ್ಕದಲ್ಲಿ ಸುರೇಖಾ ತಾಈ. ಅವರ ಕೊಡೆಯ ಒಂದು ಕಡ್ಡಿ ಮುರಿದು ತಂತಿ ಹೊರಗೆ ಬಂದಿತ್ತು. ಹಿಂದಿನಿಂದ ತಳ್ಳಿದರು. ಅದೇ ಗಳಿಗೆಗೆ ನೀನು ಏನೋ ಹೇಳಲು ನನ್ನ ಕಡೆ ತಿರುಗಿದೆ. ಏನು ಹೇಳಲು ತಿರುಗಿದ್ದೆ — ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯ ಬಂದಿಲ್ಲ.

ಗಟ್ಟಿ ವಸ್ತುವಿಗೆ ತಾಗಿದರೆ ಕಡ್ಡಿ ಹಿಂದೆ ಪುಟಿಯುತ್ತದೆ. ಅದು ಪುಟಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನೀನು "ಅಮ್ಮಾ" ಎಂದು ಕೂಗಿ ಪ್ಲಾಟ್‌ಫಾರ್ಮಿನ ಮೇಲೆ ಕುಸಿದೆ. ನಾನು ಮೊದಲು ಮಾಡಿದ್ದು ನಿನ್ನನ್ನು ಹಿಡಿದದ್ದಲ್ಲ, ವಸುಧಾ. ಕಡ್ಡಿಗಳನ್ನು ಚೀಲದ ತಳಕ್ಕೆ ಒತ್ತಿದೆ. ಆಮೇಲೆ ನಿನ್ನನ್ನು ಹಿಡಿದೆ. ಅಷ್ಟರಲ್ಲಿ ಯಾರೋ "ಛತ್ರೀ ಲಾಗ್ಲೀ, ಛತ್ರೀ!" ಎಂದು ಕೂಗಿದರು. ಎಲ್ಲರ ಕಣ್ಣು ಸುರೇಖಾ ತಾಈಯ ಕೊಡೆಯ ಮೇಲೆ ಬಿತ್ತು. ಅವರು ತಮ್ಮ ಕೈಯಲ್ಲಿದ್ದ ಕೊಡೆಯನ್ನು ತಮ್ಮದಲ್ಲವೇನೋ ಎಂಬಂತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನಿಮ್ಮ ಬೆನ್ನಿಗೇ ನಿಂತಿದ್ದವಳು ನಾನು ತಾನೇ.

"ಗಿರಿಜಾ, ತೂ ಪಾಹಿಲಂಸ್ ಕಾ? ಮಾಝೀಚ್ ಲಾಗ್ಲೀ ಕಾ?"

ನೀನು ನೋಡಿದೆಯಾ, ನನ್ನದೇ ತಾಗಿತಾ — ಎಂದು ಕೇಳುತ್ತಿದ್ದರು. ಇಲ್ಲ ಎನ್ನಬಹುದಿತ್ತು. ನೋಡಲಿಲ್ಲ ಎಂದು ಸುಳ್ಳಾದರೂ ಹೇಳಬಹುದಿತ್ತು. ನಾನು "ಹೋ" ಎಂದೆ. ಹೌದು. ಮರಾಠಿಯಲ್ಲಿ ಅದು ಎಷ್ಟು ಚಿಕ್ಕ ಮಾತು ನೋಡು.

ಆಸ್ಪತ್ರೆಯ ಬೆಂಚಿನ ಮೇಲೆ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ನಿನ್ನ ಗಂಡ ಬಂದು, "ನೀವಿದ್ದಿದ್ದಕ್ಕೆ ಆಯ್ತು, ಇಲ್ಲದಿದ್ರೆ..." ಎಂದು ಮಾತು ಮುಗಿಸಲಾರದೆ ಅತ್ತರು. ಡಾಕ್ಟರ್ ಹೊರಗೆ ಬಂದು, ಮೊನೆ ಬಹಳ ಸಪೂರ, ಆಳಕ್ಕೆ ಹೋಗಿದೆ ಎಂದರು. ಕಣ್ಣಿನ ಅಂಚಿನಲ್ಲಿ ಒಂದು ಹಳದಿ ಎಳೆ ಸಿಕ್ಕಿತು, ದುಪಟ್ಟಾದ್ದಿರಬೇಕು ಎಂದೂ ಹೇಳಿದರು. ನಿನ್ನ ದುಪಟ್ಟಾ ನೀಲಿ. ಯಾರೂ ಅದನ್ನು ಗಮನಿಸಲಿಲ್ಲ. ನಾನು ಚೀಲದ ಬಾಯಿಯನ್ನು ಇನ್ನಷ್ಟು ಬಿಗಿದೆ. ರೈಲ್ವೆ ಪೊಲೀಸ್ ಬಂದು ಹೇಳಿಕೆ ಕೇಳಿದಾಗ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನೀನು, "ಅವರು ಬೇಕೂಂತ ಮಾಡಿದ್ದಲ್ಲ, ಕೇಸ್ ಬೇಡ" ಎಂದೆ. ನೀನು ಸುರೇಖಾ ತಾಈಯನ್ನು ಕ್ಷಮಿಸುತ್ತಿದ್ದೆ. ನಾನು ನಿನ್ನ ತಲೆದಿಂಬು ಸರಿಮಾಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಕಡ್ಡಿ, ಹಳದಿ ಉಣ್ಣೆ, ಅರ್ಧ ಆದ ಸ್ವೆಟರ್ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿದೆ, ಮೇಲೆ ದೇವರ ಪಟಕ್ಕೆ ಹಾಕಿದ ಬಾಡಿದ ಹೂ ಇಟ್ಟೆ. ಲೋಕಲ್ ಸಮುದ್ರದ ಖಾಡಿಯ ಸೇತುವೆಯ ಮೇಲೆ ಬಂದಾಗ ನಿರ್ಮಾಲ್ಯದ ಹಾಗೆ ನೀರಿಗೆ ಎಸೆದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಕೈಮುಗಿದಳು. ಮುಂದೆ ನೀನು, "ಆ ಹಳದಿ ಸ್ವೆಟರ್ ಏನಾಯ್ತು ಗಿರಿಜಕ್ಕ?" ಎಂದು ಕೇಳಿದಾಗ, ಆ ಗಡಿಬಿಡಿಯಲ್ಲಿ ಟ್ರೇನಿನಲ್ಲೇ ಬಿಟ್ಟುಹೋಯ್ತು ಮಾರಾಯ್ತಿ ಎಂದೆ. ನೀನು ನನಗೇ ಸಮಾಧಾನ ಹೇಳಿದೆ.

ಡಬ್ಬಿಯಲ್ಲಿ ಸುರೇಖಾ ತಾಈಯ ಪಕ್ಕ ಯಾರೂ ಕೂರದಾದರು. ಬೈಯಲಿಲ್ಲ, ಜಗಳವಾಡಲಿಲ್ಲ — ಜಾಗ ಬಿಟ್ಟು ಕೂತರು, ಅಷ್ಟೆ. ಹಿಂದಿನಿಂದ "ಛತ್ರೀವಾಲಿ" ಎನ್ನುತ್ತಿದ್ದದ್ದು ಅವರಿಗೂ ಕೇಳಿಸುತ್ತಿತ್ತು. ಗಣಪತಿ ಹಬ್ಬಕ್ಕೆ ಮೊದಲು ಅವರು ಆ ಟ್ರೇನ್ ಬಿಟ್ಟರು. ನನಗೆ ಸಮಾಧಾನವಾಯಿತು — ಹೌದು, ಸಮಾಧಾನವೇ. ಇನ್ನು ಅವರು ನನ್ನನ್ನು ಮತ್ತೊಮ್ಮೆ ಕೇಳಲಾರರು.

ಎರಡು ಆಪರೇಷನ್ ಆದ ಮೇಲೂ ನಿನ್ನ ಎಡಗಣ್ಣಿಗೆ ದೃಷ್ಟಿ ಬರಲಿಲ್ಲ. ನೀನು ಕೆಲಸ ಬಿಟ್ಟೆ. ಒಂದು ಸಂಜೆ ನಿನ್ನ ಮನೆಯಲ್ಲಿ ಚಹಾ ಸೋಸುವಾಗ ನೀನು ಲೋಟದ ಪಕ್ಕಕ್ಕೆ ಸುರಿದೆ. ಚಹಾ ಕಟ್ಟೆಯಿಂದ ಇಳಿದು ನಿನ್ನ ಕಾಲಮೇಲೆ ಬಿತ್ತು. "ಲೋಟ ಎಲ್ಲಿದೆ ಅಂತ ಕಣ್ಣಿಗೆ ಕಾಣತ್ತೆ ಗಿರಿಜಕ್ಕ, ಕೈಗೆ ಗೊತ್ತಾಗಲ್ಲ" ಎಂದು ನೀನು ನಗಲು ನೋಡಿದೆ. ಅದರ ಮುಂದಿನ ಶನಿವಾರವೇ ನಾನು ನೂಲಿಗೆ ಗಂಟು ಹಾಕಿ ಲೇಸು ಮಾಡುವ ಟ್ಯಾಟಿಂಗಿನ ಶಟಲ್ ಹಿಡಿದು ನಿನ್ನ ಮನೆಗೆ ಬಂದದ್ದು.

ಕುಂದಾಪುರದ ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ್ದ ವಿದ್ಯೆ. ಆ ಮಳೆಗಾಲದ ನಂತರ ನಾನು ಹೆಣಿಗೆ ಮುಟ್ಟಿರಲಿಲ್ಲ. ಕೈ ಸುಮ್ಮನಿರದೆ ಟ್ಯಾಟಿಂಗಿಗೆ ತಿರುಗಿದ್ದೆ. ಬೆರಳಿನಷ್ಟುದ್ದದ ಸಣ್ಣ ದೋಣಿಯಂಥ ಶಟಲ್, ಅದಕ್ಕೆ ಸುತ್ತಿದ ನೂಲು. ಮೊನೆಯಿಲ್ಲ. ಅದಕ್ಕೇ ಅದನ್ನು ಆರಿಸಿದ್ದು ಎಂದು ಯಾರಿಗೂ ಹೇಳಲಿಲ್ಲ. ನಿನ್ನ ಎಡಗೈ ಬೆರಳುಗಳಿಗೆ ನೂಲು ಸುತ್ತಿ, ಗಂಟಿನ ಪಕ್ಕ ಗಂಟು ಸರಿಸಿ, ಎಳೆದು ಉಂಗುರ ಮಾಡುವುದನ್ನು ತೋರಿಸಿದೆ. ಕಣ್ಣಿಗಿಂತ ಬೆರಳಿನ ಕೆಲಸ ಅದು. ಆರು ತಿಂಗಳಿಗೆ ನಿನ್ನ ಕೈ ನನ್ನ ಕೈಗಿಂತ ಚೊಕ್ಕವಾಯಿತು. ಕರ್ಚೀಫಿನ ಅಂಚು, ಮಗಳ ಫ್ರಾಕಿನ ಕಾಲರು, ಆಮೇಲೆ ದೇವರ ಮಂಟಪದ ತೋರಣ.

ಹತ್ತು ವರ್ಷಕ್ಕೂ ಮೇಲೆ ಪ್ರತಿ ಶನಿವಾರ ಬಂದೆ. ನೀವು ಘೋಡಬಂದರ್ ರಸ್ತೆಯ ಹೊಸ ಮನೆಗೆ ಹೋದ ಮೇಲೂ ಠಾಣೆಯಲ್ಲಿಳಿದು ಬಸ್ಸು ಹಿಡಿದು ಬಂದೆ. ನೀನದನ್ನು ಪ್ರೀತಿ ಎಂದುಕೊಂಡೆ. ಪ್ರೀತಿಯೂ ಇತ್ತು, ಆದರೆ ಮೊದಲಿಗೆ ನನ್ನನ್ನು ಎಳೆದು ತಂದದ್ದು ಭಯ. ನಿನಗೆ ಏನಾದರೂ ನೆನಪಾಯಿತೇ, ಯಾರಾದರೂ ಏನಾದರೂ ಹೇಳಿದರೇ ಎಂದು ವಾರಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದೆ. ನೀನು ಫೋನ್ ಮಾಡಿ "ಗಿರಿಜಕ್ಕ, ಒಂದ್ ವಿಷ್ಯ ಕೇಳ್ಬೇಕು" ಎಂದರೆ ನಾನು ಎದ್ದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನೀನು ಕೇಳುತ್ತಿದ್ದದ್ದು ನೂಲಿನ ನಂಬರು. ನೆರೂಳದ ಕನ್ನಡ ಬಳಗದ ಪ್ರದರ್ಶನದಲ್ಲಿ ನಿನ್ನ ಲೇಸುಗಳನ್ನು ಇಟ್ಟ ದಿನ ನೀನು ಮೈಕಿನಲ್ಲಿ ಹೇಳಿದೆಯಲ್ಲ — ನಂಗೆ ಇನ್ನೊಂದು ಕಣ್ಣು ಕೊಟ್ಟೋರು ಇವರು ಎಂದು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ವಾಂತಿ ಮಾಡಿದೆ. ಬಿಸಿಲಿಗೆ ಎಂದೆ.

ಎರಡು ವರ್ಷದ ಹಿಂದೆ, ನಿನ್ನ ಮನೆಗೆ ಬರುವಾಗಲೇ, ಠಾಣೆಯ ಬಸ್ ಸ್ಟಾಪಿನಲ್ಲಿ ಸುರೇಖಾ ತಾಈ ಸಿಕ್ಕಿದರು. ಜೋರು ಮಳೆ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು, ಸೀರೆಯೆಲ್ಲ ತೊಯ್ದು ನಿಂತಿದ್ದರು. ಕೊಡೆ ಮರೆತಿರಾ ಎಂದು ಕೇಳಿದೆ.

"ಛತ್ರೀ ಹಾತಾತ್ ಧರವತ್ ನಾಹೀ ಗಂ," ಎಂದರು. ಕೊಡೆ ಕೈಯಲ್ಲಿ ಹಿಡಿಯಲು ಆಗುವುದಿಲ್ಲವಂತೆ. ಆ ದಿನದಿಂದಲೂ.

ಆಮೇಲೆ ದನಿ ತಗ್ಗಿಸಿ ನಿನ್ನ ಕಣ್ಣು ಹೇಗಿದೆ ಎಂದು ಕೇಳಿದರು. ನನ್ನ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದು ಬಸ್ಸು ಬರುವವರೆಗೆ ನಿಂತೆ. ಇಪ್ಪತ್ತು ನಿಮಿಷ. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಮೊದಲ ಸಲ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ ಎನ್ನಬಹುದೇನೋ. ಈ ಸಲ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ಯೋಚಿಸಿಯೇ ಸುಮ್ಮನಿದ್ದೆ.

ಈಗ ನಿನ್ನೆಯ ವಿಷಯ. ನಿನ್ನ ಬಲಗಣ್ಣಿಗೂ ಮಂಜು ಕವಿಯುತ್ತಿದೆ ಎಂದು ಹೊಸ ಡಾಕ್ಟರ ಹತ್ತಿರ ಹೋದೆವು. ಒಂದು ಕಣ್ಣಿಗೆ ಆಳವಾದ ಗಾಯವಾಗಿದ್ದರೆ ಎಷ್ಟೋ ವರ್ಷದ ಮೇಲೂ ಇನ್ನೊಂದಕ್ಕೆ ತೊಂದರೆ ಬರುವುದುಂಟು ಎಂದು ಆಕೆ ಹೇಳಿದಳು. ಗಾಯ ಯಾವುದರಿಂದ ಆಯಿತು, ಕಬ್ಬಿಣವೋ ಬೇರೆ ಲೋಹವೋ, ಎಷ್ಟು ದಪ್ಪ ಎಂದೆಲ್ಲ ಕೇಳಿದಳು. ನೀನು, "ಕೊಡೆ ಕಡ್ಡಿ, ತಂತಿ ಮುರಿದಿತ್ತಂತೆ. ಗಿರಿಜಕ್ಕ ನೋಡಿದಾರೆ" ಎಂದು ನನ್ನ ಕಡೆ ಕೈ ತೋರಿಸಿದೆ. ಡಾಕ್ಟರ್ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಫೈಲಿನಲ್ಲಿ ಬರೆದುಕೊಂಡಳು.

ಅಷ್ಟು ದಿನ ಸಿಕ್ಕಿಬೀಳುತ್ತೇನೆ ಎಂಬ ಭಯ ಇತ್ತು. ಆ ಪೆನ್ನು ಓಡುವುದನ್ನು ನೋಡುತ್ತ ಬೇರೊಂದು ಭಯ ಹಿಡಿಯಿತು — ನನ್ನ ಸುಳ್ಳನ್ನು ನಂಬಿ ಇವರು ಔಷಧಿ ಕೊಟ್ಟರೆ? ನಿನ್ನ ಎರಡನೆಯ ಕಣ್ಣೂ...

ಇವತ್ತು ಬೆಳಿಗ್ಗೆ ಕಲ್ಯಾಣಕ್ಕೆ ಹೋದೆ, ಸುರೇಖಾ ತಾಈಯ ಈಗಿನ ಮನೆಗೆ. ನಿನಗೆ ಹೇಳುವುದಕ್ಕಿಂತ ಅವರಿಗೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಅಲ್ಲ. ಅವರು ನೆಲದ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸಿದರೂ ಅವರ ಕೈ ನಿಲ್ಲಲಿಲ್ಲ. ಕಟ್ಟು ಪೂರ್ತಿ ಬಿಡಿಸಿದರು. ದಂಟುಗಳನ್ನು ಒಂದು ಕಡೆ ಒಟ್ಟು ಮಾಡಿದರು. ಆಮೇಲೆ ಮರಾಠಿಯಲ್ಲಿ, ನಿಧಾನವಾಗಿ ಕೇಳಿದರು: "ಹನ್ನೆರಡು ವರ್ಷ ದಿನಾ ದೇವರ ಮುಂದೆ ನಿಂತು ಆ ಹುಡುಗಿಯ ಕಣ್ಣಿಗಾಗಿ ನಾನು ಕ್ಷಮೆ ಕೇಳಿದೆ. ನೀನು ದೇವರ ಮುಂದೆ ನಿಂತು ಏನು ಕೇಳುತ್ತಿದ್ದೆ?"

ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಸಿಕ್ಕಿಬೀಳಬಾರದು ಎಂದು," ಎಂದೆ.

ಅವರು ಅಳಲಿಲ್ಲ. ಕೈ ಎತ್ತಲಿಲ್ಲ. "ಉಠ್. ಜಾ. ತಿಲಾ ಸಾಂಗ್" ಎಂದರು. ಏಳು, ಹೋಗು, ಅವಳಿಗೆ ಹೇಳು. ನಾನು ಮೆಟ್ಟಿಲಿಳಿಯುವಾಗ ಹಿಂದೆ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿಸಿತು.

ಅಲ್ಲಿಂದ ನೇರ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಕಡ್ಡಿ ಅಲ್ಯುಮಿನಿಯಂ, ಇಷ್ಟು ದಪ್ಪ, ಅದಕ್ಕೆ ಉಣ್ಣೆ ಸುತ್ತಿತ್ತು, ಹಿಡಿದದ್ದು ನಾನು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಆಕೆ ಓದಿ, ಇದು ವಸುಧಾಗೆ ಗೊತ್ತೇ ಎಂದು ನನ್ನನ್ನು ಕೇಳಿದಳು. ನಾಳೆ ಗೊತ್ತಾಗುತ್ತದೆ ಎಂದೆ. ಆಕೆಗೆ ನಿನಗಿಂತ ಮೊದಲೇ ತಿಳಿಯಿತು. ಅದೂ ತಪ್ಪೇ. ಆದರೆ ಇನ್ನೊಂದು ದಿನವೂ ಆ ಸುಳ್ಳು ಫೈಲಿನಲ್ಲಿ ಇರಬಾರದಿತ್ತು.

ನನ್ನನ್ನು ಕ್ಷಮಿಸು ಎಂದು ನಾನು ಇಲ್ಲಿ ಎಲ್ಲಿಯೂ ಬರೆದಿಲ್ಲ. ಬರೆಯುವುದಿಲ್ಲ. ನಿನ್ನ ಗಂಡನಿಗೆ, ಈಗ ಹೈಸ್ಕೂಲಿಗೆ ಹೋಗುತ್ತಿರುವ ನಿನ್ನ ಮಗಳಿಗೆ, ಬಳಗದವರಿಗೆ ನೀನು ಹೇಳಬೇಕೆಂದರೆ ಹೇಳು. ಕೇಳಿದವರಿಗೆಲ್ಲ ನಾನೂ ಹೌದೆನ್ನುತ್ತೇನೆ. ಪೊಲೀಸರ ಹತ್ತಿರ ಹೋಗೋಣ ಎಂದರೆ ಬರುತ್ತೇನೆ. ಆ ಡಬ್ಬಿಯಲ್ಲಿದ್ದ ಹೆಂಗಸರಲ್ಲಿ ನಾಲ್ಕೈದು ಜನರ ನಂಬರು ನನ್ನ ಹತ್ತಿರವಿದೆ. ನಿನಗೆ ಹೇಳಿದ ಮೇಲೆ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಸುರೇಖಾ ತಾಈಯ ಹೆಸರಿಗೆ ಹಚ್ಚಿದ್ದನ್ನು ತೆಗೆಯುತ್ತೇನೆ. ಅದರಿಂದ ಅವರ ಹನ್ನೆರಡು ವರ್ಷ ವಾಪಸು ಬರುವುದಿಲ್ಲ ಎಂದು ಗೊತ್ತು.

ಈ ಕಾಗದವನ್ನು ನಿನ್ನ ಬಾಗಿಲಲ್ಲಿ ಇಟ್ಟು ಓಡಿಹೋಗುವ ಮನಸ್ಸು ನನಗೆ ಈಗಲೂ ಇದೆ. ಆದರೆ ನಿನಗೆ ಅಕ್ಷರ ಕಾಣುವುದು ಕಷ್ಟ; ನಿನ್ನ ಮಗಳ ಕೈಲಿ ಓದಿಸುವುದು ಇನ್ನೂ ಪಾಪ. ಅದಕ್ಕೇ ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ನಿನ್ನ ಕಿಟಕಿಯ ಹತ್ತಿರ, ಬೆಳಕು ಚೆನ್ನಾಗಿ ಬೀಳುವ ಕಡೆ ಕೂತು, ಮೊದಲ ಸಾಲಿನಿಂದ ನಾನೇ ಓದುತ್ತೇನೆ. ಓದುವಷ್ಟು ಹೊತ್ತು ನೀನು ನನ್ನ ಮುಖವನ್ನೇ ನೋಡು. ನನಗೆ ಭಯವಾಗುತ್ತದೆ, ವಸುಧಾ. ಆದರೂ ನೋಡು.