ಡಿಶ್‌ಗೆ ಅಡ್ಡವಾಗಿದ್ದ ಹಲಸಿನ ಮರ

ಫ್ರೆಂಡ್ಸ್, ಆಷಾಢ ಮುಗಿಸಿಕೊಂಡು ಇವತ್ತು ತವರಿನಿಂದ ಹನಗೋಡಿಗೆ ವಾಪಸ್ ಬಂದೆ. ಒಂದು ತಿಂಗಳಾದ ಮೇಲೆ ಗಂಡನನ್ನು ನೋಡುವ ಖುಷಿಯಲ್ಲಿ ಕುಣಿಯುತ್ತಾ ಬಂದರೆ, ಹಿತ್ತಲಿನ ಹಲಸಿನ ಮರವೇ ಇಲ್ಲ!

"ಟಿವಿ ಬರಲ್ಲ, ಮರ ಅಡ್ಡ ಅಂತಿದ್ದಲ್ಲವ್ವ? ಕೆಡವುಸ್ಬುಟ್ಟೆ" ಎಂದರು ಮಾವ, ಬಹುಮಾನ ಕೊಡುವವರಂತೆ.

ಹೊರಡುವ ಮುನ್ನ ನಾನು ಹಾಗೆ ಗೊಣಗಿದ್ದು ನಿಜ. ಸುಮ್ಮನೆ ಬಾಯಿಗೆ ಬಂದ ಮಾತು ಅದು.

ಡಿಶ್ ತಿರುಗಿಸಲು ಬಂದಿದ್ದ ಮೆಕ್ಯಾನಿಕ್ ತಾರಸಿಯಿಂದಲೇ ಕೂಗಿದ: "ಅಯ್ಯೋ, ಮರ ಯಾಕ್ ಕಡ್ಸುದ್ರಿ ಗೌಡ್ರೇ? ಡಿಶ್ನ ಈ ಮೂಲೆಗೆ ಹಾಕಿದ್ರೆ ಸಾಕಾಗಿತ್ತು ಕಣ್ರೀ!"

ಮಾವ ತಲೆ ತಗ್ಗಿಸಿದರು.

ಆ ಮರದ ಕತೆಯನ್ನು ಗಂಡ ನನಗೆ ಆಮೇಲೆ ಹೇಳಿದ. ಅತ್ತೆ ಹೊಸ ಸೊಸೆಯಾಗಿದ್ದಾಗ, ತಮ್ಮ ಮೊದಲ ಆಷಾಢ ಮುಗಿಸಿ ಬರುವಾಗ, ಸಾಲಿಗ್ರಾಮದ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜವಂತೆ ಅದು. ಆ ತವರುಮನೆ ಈಗ ಇಲ್ಲ.

ಅಳುತ್ತಾ ಅತ್ತೆಯ ಕೈ ಹಿಡಿದುಕೊಂಡೆ. "ಬುಡವ್ವ, ನಿಂದೇನ್ ತಪ್ಪು? ಬಸ್ಸಲ್ ಬಂದು ಸುಸ್ತಾಗಿದ್ದೀಯ, ಕಾಪಿ ಕುಡಿ" ಎಂದು ಲೋಟ ಕೈಗಿಟ್ಟು ಒಳಗೆ ಹೋದರು.

ಈಗ ಟಿವಿಯಲ್ಲಿ ಚಿತ್ರ ಕನ್ನಡಿಯಷ್ಟು ಸ್ಪಷ್ಟ. ಧಾರಾವಾಹಿಯಲ್ಲಿ ಅತ್ತೆಯೊಬ್ಬಳು ಸೊಸೆಯ ಮೇಲೆ ಕಿರುಚಾಡುತ್ತಿದ್ದಾಳೆ. ನಮ್ಮತ್ತೆಯೂ ಒಂದು ಸಲ ಹಾಗೆ ಬೈದಿದ್ದರೆ ಈ ಕಾಫಿ ಗಂಟಲಲ್ಲಿ ಇಳಿಯುತ್ತಿತ್ತು.